ಕೆರೆಯಂಚು ಸರಿಮಾಡಿಕೊಟ್ಟವರ ಬಗ್ಗೆ, ಮೂರು ವರ್ಷ ಕಾದು ಬರೆದ ರಿವ್ಯೂ

ಕೆಲಸ ಮುಗಿದ ವಾರವೇ ಇದನ್ನು ಬರೆದಿದ್ದರೆ ಒಂದೇ ಒಂದು ಸ್ಟಾರ್ ಕೊಡುತ್ತಿದ್ದೆ. ಆಗ ನಮ್ಮ ಹಿತ್ತಲಿನ ಕೆರೆಯಂಚಿನಲ್ಲಿ ಕಾಣುತ್ತಿದ್ದದ್ದು ಬರೀ ಕೆಸರು, ನಾರಿನ ಉರುಳೆಗಳು, ಸಾಲಾಗಿ ನೆಟ್ಟ ಮೊಂಡು ಕಡ್ಡಿಗಳು, ಅದರ ಮೇಲೊಂದು ಬಲೆ. ಅಮ್ಮ ಬಾಗಿಲಲ್ಲಿ ನಿಂತು ನೋಡಿ, "ಇದೇನೇ ಇದು, ಅಷ್ಟು ಚೆಂದದ ಲಾನ್ ಅಗೆಸಿ ಗದ್ದೆ ಮಾಡಿಬಿಟ್ಟೆಯಲ್ಲೇ" ಅಂದವರು ಎರಡು ದಿನ ಆ ಕಡೆ ಹೋಗಲೇ ಇಲ್ಲ. ನನಗೂ ಹೊಟ್ಟೆಯೊಳಗೆ ಕಸಿವಿಸಿ. ಈಗ ಮೂರನೇ ವರ್ಷ ನಡೆಯುತ್ತಿದೆ. ಇಂಥ ಕೆಲಸವನ್ನು ಮೂರನೇ ವರ್ಷದಲ್ಲೇ ಅಳೆಯಬೇಕು ಅಂತ ಈಗ ಗೊತ್ತಾಗಿದೆ, ಅದಕ್ಕೇ ಈಗ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹಾಕುತ್ತಿಲ್ಲ. ಅವರು ಮಾಡಿದ ಒಳ್ಳೆಯದೂ ಇದೆ, ಎಡವಟ್ಟೂ ಇದೆ. ಈ ಥರದ ಕೆಲಸ ಮಾಡಿಸಬೇಕು ಅಂದುಕೊಂಡವರಿಗೆ ಯಾರನ್ನು ಕರೆದರೂ ಏನು ಕೇಳಬೇಕು, ಏನು ನೋಡಬೇಕು ಅನ್ನುವುದು ತಿಳಿದರೆ ಸಾಕು.

ಮೊದಲು ನಮ್ಮ ಜಾಗ ಹೇಗಿತ್ತು ಅಂತ ಹೇಳಿಬಿಡುತ್ತೇನೆ. ಮನೆ, ಮನೆಯಿಂದ ನೀರಿನವರೆಗೆ ಇಳಿಜಾರಾದ ಲಾನ್, ಲಾನ್ ಮುಗಿದಲ್ಲಿ ಸೊಂಟದೆತ್ತರದ ಕಾಂಕ್ರೀಟ್ ಗೋಡೆ, ಗೋಡೆಯ ಆಚೆ ಕೆರೆ. ನೀರಿನ ಪಕ್ಕದ ಮನೆ ಅಂದರೆ ಹೀಗೇ ಇರಬೇಕು ಅಂತ ನಾವು ತಿಳಿದಿದ್ದೆವು. ಫೋಟೋದಲ್ಲಿ ಚೆಂದ. ಆದರೆ ಬಿಸಿಲು ಏರುತ್ತಿದ್ದ ಹಾಗೆ ಗೋಡೆಯ ಬುಡದಲ್ಲಿ ಪಾಚಿ ಬಟಾಣಿ ಹಿಟ್ಟು ಕಲಸಿದ ಹಾಗೆ ಕಟ್ಟಿಕೊಳ್ಳುತ್ತಿತ್ತು. ವಾಸನೆಗೆ ಕಿಟಕಿ ತೆರೆಯುವ ಹಾಗಿರಲಿಲ್ಲ. ನೀರಿಗೆ ಕೈ ಹಾಕಿದರೆ ಮೊಣಕೈ ಮುಳುಗುವಷ್ಟರಲ್ಲಿ ಬೆರಳು ಕಾಣುತ್ತಿರಲಿಲ್ಲ.

ಅದಕ್ಕೆ ನಾವು ಮಾಡುತ್ತಿದ್ದ ಮದ್ದು ಮೈಲುತುತ್ತ. ಒಬ್ಬರು ವರ್ಷಕ್ಕೆರಡು ಸಲ ಬಂದು ತಾಮ್ರದ ಔಷಧಿ ಹಾಕಿ ಹೋಗುತ್ತಿದ್ದರು. ನಾಲ್ಕೈದು ದಿನದಲ್ಲಿ ಹಸಿರು ಮಾಯ. ನಮಗೂ ಖುಷಿ. ಆಮೇಲೆ ಅದು ಮತ್ತೆ ಬರುತ್ತಿತ್ತು, ಕೆಲವು ಸಲ ಮೊದಲಿಗಿಂತ ಜಾಸ್ತಿ. ಒಂದು ಸಲ ಹಾಗೆ ಔಷಧಿ ಹಾಕಿದ ಮೂರನೇ ದಿನ, ಬೆಳಿಗ್ಗೆ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ, ನಾನು ಗೋಡೆಯ ಹತ್ತಿರ ಹೋದೆ. ಬೆರಳುದ್ದದಿಂದ ಅಂಗೈ ಅಗಲದವರೆಗಿನ ಮೀನುಗಳು, ನೂರಾರು, ಎಲ್ಲವೂ ಬಾಯಿಯನ್ನು ನೀರಿನ ಮೇಲಿಟ್ಟು ಗುಟುಕು ಗುಟುಕಾಗಿ ಗಾಳಿ ಎಳೆಯುತ್ತಿದ್ದವು. ಸಣ್ಣಗೆ ಚಪ್ ಚಪ್ ಅಂತ ಸದ್ದು, ಇಡೀ ದಡದುದ್ದ. ನನ್ನ ನೆರಳು ಬಿದ್ದರೂ ಓಡಲಿಲ್ಲ. ಓಡಲು ಅವುಗಳಿಗೆ ಶಕ್ತಿ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗೋಡೆಯ ಮೂಲೆಯಲ್ಲಿ ಬಿಳಿ ಹೊಟ್ಟೆಗಳು ತೇಲುತ್ತಿದ್ದವು.

ಯಾಕೆ ಹಾಗಾಯಿತು ಅಂತ ಆಮೇಲೆ ಕಲಿತೆ. ಪಾಚಿಯನ್ನು ಒಟ್ಟಿಗೇ ಕೊಂದರೆ ಅದು ಕೆಳಗೆ ಕೂತು ಕೊಳೆಯುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳು ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ. ಅದೂ ಅಲ್ಲದೆ ಬಿಸಿ ನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕವೇ ಕಡಿಮೆ. 10 ಡಿಗ್ರಿ ನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಹಿಡಿದರೆ 30 ಡಿಗ್ರಿ ನೀರು ಹಿಡಿಯುವುದು ಏಳೂವರೆ ಮಾತ್ರ. 5ಕ್ಕಿಂತ ಕೆಳಗೆ ಹೋದರೆ ಹೆಚ್ಚಿನ ಮೀನುಗಳಿಗೆ ಕಷ್ಟ ಶುರು. ರಾತ್ರಿಯಿಡೀ ಗಿಡ, ಪಾಚಿ ಎಲ್ಲವೂ ಉಸಿರಾಡುವುದರಿಂದ ಬೆಳಗಿನ ಜಾವಕ್ಕೆ ಆಮ್ಲಜನಕ ತೀರಾ ಕಡಿಮೆಯಾಗಿರುತ್ತದೆ. ಪಾಚಿ ಸತ್ತರೂ ಅದು ತಿಂದಿದ್ದ ಗೊಬ್ಬರದ ಅಂಶ ಎಲ್ಲೂ ಹೋಗುವುದಿಲ್ಲ, ನೀರಿನಲ್ಲೇ ಉಳಿದು ಮುಂದಿನ ಪಾಚಿಗೆ ಊಟವಾಗುತ್ತದೆ. ತಾಮ್ರ ಹೂಳಿನಲ್ಲಿ ಕೂತು ಬಸವನಹುಳುಗಳಂಥ ತಳದ ಜೀವಿಗಳಿಗೆ ವಿಷವಾಗುತ್ತದೆ. ಇದನ್ನು ನಮಗೆ ಔಷಧಿ ಹಾಕುತ್ತಿದ್ದವರು ಒಂದು ದಿನವೂ ಹೇಳಲಿಲ್ಲ.

ಆ ಮೀನುಗಳನ್ನು ನೋಡಿದ ಮೇಲೆ ಈ ಕಂಪನಿಯನ್ನು ಕರೆದದ್ದು. ಇವರ ಕೆಲಸವೇ ನೀರಂಚಿನ ಮನೆಗಳ ದಡವನ್ನು ಗಿಡ, ನಾರು, ಕಲ್ಲು, ಮರದಿಂದ ಸರಿಮಾಡಿಕೊಡುವುದು. ಮೊದಲ ದಿನ ಬಂದವರು ಒಬ್ಬ ಹೆಂಗಸು, ಕೈಯಲ್ಲಿ ಒಂದು ನೋಟ್‌ಬುಕ್, ಒಂದು ಬಕೆಟ್. ನಾನು ಸೀದಾ ಗೋಡೆಯ ಹತ್ತಿರ ಕರೆದುಕೊಂಡು ಹೊರಟೆ. ಅವರು ಅಂಗಳದಲ್ಲೇ ನಿಂತರು. "ಮೇಡಂ, ದಡ ಆಮೇಲೆ ನೋಡೋಣ. ಮೊದಲು ನಿಮ್ಮ ಸೂರಿನ ನೀರು ಎಲ್ಲಿಗೆ ಹೋಗುತ್ತೆ ತೋರಿಸಿ" ಅಂದರು.

ನನ್ನ ಮಟ್ಟಿಗೆ ಈ ಇಡೀ ಸೇವೆಯ ಬೆಲೆ ಇರುವುದು ಆ ಒಂದು ಮಾತಿನಲ್ಲಿ. ಅಲ್ಲಿಂದ ಒಂದೂವರೆ ಗಂಟೆ ಅವರು ಕೆರೆಯ ಕಡೆ ತಿರುಗಲೇ ಇಲ್ಲ. ಸೂರಿನ ಪೈಪುಗಳು ಎಲ್ಲಿ ಇಳಿಯುತ್ತವೆ, ಕಾರು ನಿಲ್ಲಿಸುವ ಜಾಗದ ನೀರು ಯಾವ ಕಡೆ ಹರಿಯುತ್ತದೆ, ಸೆಪ್ಟಿಕ್ ಟ್ಯಾಂಕ್ ಎಲ್ಲಿದೆ, ಕೊನೆಯ ಸಲ ಯಾವಾಗ ಖಾಲಿ ಮಾಡಿಸಿದ್ದು, ಬಟ್ಟೆ ಒಗೆದ ನೀರು ಎಲ್ಲಿಗೆ, ನಾಯಿ ಎಲ್ಲಿ ಓಡಾಡುತ್ತದೆ, ಲಾನ್‌ಗೆ ಯಾವ ಗೊಬ್ಬರ. ಗೊಬ್ಬರದ ಚೀಲವನ್ನೇ ತರಿಸಿ ನೋಡಿದರು. ಚೀಲದ ಮೇಲೆ ಮೂರು ಸಂಖ್ಯೆ ಇರುತ್ತದೆ ಅಲ್ವಾ, ಅದರಲ್ಲಿ ನಡುವಿನದು ರಂಜಕದ್ದು, ಅಂದರೆ ಫಾಸ್ಫರಸ್. ಅದರ ಮೇಲೆ ಬೆರಳಿಟ್ಟು, "ನಿಮ್ಮ ಪಾಚಿ ಇಲ್ಲಿಂದ ಶುರುವಾಗುತ್ತೆ" ಅಂದರು.

ಒಂದು ಕಿಲೋ ಫಾಸ್ಫರಸ್ ನೀರಿಗೆ ಸೇರಿದರೆ ಸುಮಾರು 500 ಕಿಲೋವರೆಗೂ ಹಸಿ ಪಾಚಿ ಬೆಳೆಯಬಹುದಂತೆ. ನನಗೆ ನಂಬಿಕೆ ಬರಲಿಲ್ಲ. ಆಗ ಅವರು ತಮ್ಮ ಫೋನಿನಲ್ಲಿ ಒಂದು ಹಳೆಯ ಫೋಟೋ ತೋರಿಸಿದರು. ಕೆನಡಾದ ಒಂಟಾರಿಯೋದಲ್ಲಿ ಸಂಶೋಧನೆಗೆಂದೇ ಮೀಸಲಿಟ್ಟ ಕೆರೆಗಳಿವೆ. ಅದರಲ್ಲಿ 226ನೇ ಸಂಖ್ಯೆಯ ಕೆರೆಯನ್ನು ಡೇವಿಡ್ ಶಿಂಡ್ಲರ್ ಅನ್ನುವ ವಿಜ್ಞಾನಿಯ ತಂಡ 1973ರಲ್ಲಿ ನಡುವೆ ಪ್ಲಾಸ್ಟಿಕ್ ಪರದೆ ಕಟ್ಟಿ ಎರಡು ಭಾಗ ಮಾಡಿತು. ಎರಡೂ ಕಡೆ ಇಂಗಾಲ, ಸಾರಜನಕ ಹಾಕಿದರು. ಒಂದು ಕಡೆ ಮಾತ್ರ ಫಾಸ್ಫರಸ್ ಸೇರಿಸಿದರು. ಮೇಲಿನಿಂದ ತೆಗೆದ ಫೋಟೋದಲ್ಲಿ ಒಂದೇ ಕೆರೆ, ಪರದೆಯ ಒಂದು ಕಡೆ ಕಪ್ಪು ನೀರು, ಇನ್ನೊಂದು ಕಡೆ ಮಜ್ಜಿಗೆಗೆ ಹಸಿರು ಬಣ್ಣ ಕಲಸಿದ ಹಾಗೆ. ಅದನ್ನು ನೋಡಿದ ಮೇಲೆ ಇನ್ನೇನೂ ಕೇಳಲಿಲ್ಲ. ಗೊಬ್ಬರದ ಚೀಲ ಅವತ್ತೇ ಮೂಲೆ ಸೇರಿತು. ಮಣ್ಣು ಪರೀಕ್ಷೆ ಮಾಡಿಸಿದಾಗ ನಮ್ಮ ಮಣ್ಣಿನಲ್ಲಿ ಫಾಸ್ಫರಸ್ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಇತ್ತು, ಅಂದರೆ ಅಷ್ಟೂ ವರ್ಷ ನಾವು ಸುಮ್ನೆ ಕೆರೆಗೆ ಗೊಬ್ಬರ ಹಾಕುತ್ತಿದ್ದೆವು.

ಆಮೇಲೆ ಬಕೆಟ್ ಕೆಲಸಕ್ಕೆ ಬಂತು. ಸೂರಿನ ಪೈಪ್ ಇಳಿಯುವ ಜಾಗದಲ್ಲಿ ಒಂದು ಬಕೆಟ್ ನೀರು ಸುರಿದರು. ನೀರು ಲಾನ್‌ನಲ್ಲಿ ಇಂಗುತ್ತದೆ ಅಂತ ನಾನು ಅಂದುಕೊಂಡಿದ್ದೆ. ಅದು ಹುಲ್ಲಿನ ಮೇಲೆ ಗಾಜಿನ ಮೇಲೆ ಜಾರಿದ ಹಾಗೆ ಜಾರಿ, ಒಣಗಿದ ಎಲೆ, ಸ್ವಲ್ಪ ಮಣ್ಣು ಎಲ್ಲವನ್ನೂ ಎಳೆದುಕೊಂಡು ಗೋಡೆಯ ಕಿಂಡಿಯಿಂದ ಕೆರೆಗೆ ಬಿತ್ತು. ಅರ್ಧ ನಿಮಿಷವೂ ಹಿಡಿಯಲಿಲ್ಲ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಚಾವಣಿ ಹೆಚ್ಚುಕಡಿಮೆ 150 ಚದರ ಮೀಟರ್. 20 ಮಿಲಿಮೀಟರಿನ ಒಂದು ಸಾಧಾರಣ ಮಳೆಗೆ 3000 ಲೀಟರ್, ಅಂದರೆ 150 ದೊಡ್ಡ ಬಕೆಟ್. ಒಂದು ಬಕೆಟ್ ಏನು ಮಾಡಿತು ಅಂತ ಕಣ್ಣಾರೆ ನೋಡಿದ ಮೇಲೆ ಆ 150 ಅನ್ನುವ ಸಂಖ್ಯೆ ತಲೆಯಲ್ಲಿ ಕೂತುಬಿಟ್ಟಿತು. ವರ್ಷಕ್ಕೆ ಎಷ್ಟು ಮಳೆ, ನೀವೇ ಲೆಕ್ಕ ಹಾಕಿ.

ಹೀಗಾಗಿ ಕೆಲಸ ಶುರುವಾಗಿದ್ದು ನೀರಿನಿಂದ ದೂರದಲ್ಲಿ, ಮನೆಯ ಬುಡದಲ್ಲಿ. ಸೆಪ್ಟಿಕ್ ಟ್ಯಾಂಕ್ ತೆರೆಸಿದರೆ ಗಟ್ಟಿ ಕೊಳೆ ಹೊರಗೆ ಹೋಗುವ ಪೈಪಿನ ಮಟ್ಟಕ್ಕೆ ಬಂದಿತ್ತು. ಸಾಮಾನ್ಯವಾಗಿ 3ರಿಂದ 5 ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕಂತೆ, ನಾವು ಎಂಟು ವರ್ಷ ಮುಟ್ಟಿರಲಿಲ್ಲ. ನೀರಿನ ಪಕ್ಕದ ಮನೆಗಳಲ್ಲಿ ಇದು ಇನ್ನೂ ಮುಖ್ಯ, ಯಾಕಂದರೆ ನೆಲದಡಿಯ ನೀರು ಮೇಲೇ ಇರುತ್ತದೆ, ಕೊಳಚೆ ಮಣ್ಣಿನಲ್ಲಿ ಸೋಸಿ ಹೋಗಲು ಜಾಗವೇ ಇರುವುದಿಲ್ಲ. ಅದು ಸರಿಯಾದ ಮೇಲೆ ಸೂರಿನ ಪೈಪುಗಳನ್ನು ತಿರುಗಿಸಿ ಅಂಗಳದ ಒಂದು ಬದಿಯಲ್ಲಿ ಮಳೆ ನೀರು ನಿಂತು ಇಂಗಲು ಒಂದು ತಗ್ಗು ಮಾಡಿದರು. ತಟ್ಟೆಯ ಹಾಗೆ ಅಗಲ, ಒಂದು ಗೇಣಿಗಿಂತ ಆಳವಿಲ್ಲ, ತಳದಲ್ಲಿ ಮರಳು ಸೇರಿಸಿದ ಮಣ್ಣು, ಅದರ ತುಂಬ ಒದ್ದೆಯನ್ನೂ ಒಣಗನ್ನೂ ತಡೆಯುವ ಹುಲ್ಲು ಗಿಡಗಳು. ಜೋರು ಮಳೆ ಬಂದರೂ ಒಂದು ದಿನದೊಳಗೆ ನೀರು ಇಂಗಿ ಹೋಗುತ್ತದೆ. ಸೊಳ್ಳೆ ಮರಿಯಾಗಿ ಹಾರಲು ವಾರದ ಹತ್ತಿರ ಬೇಕು, ಹಾಗಾಗಿ ಆ ಭಯ ಇಲ್ಲ. ಈ ತಗ್ಗು ನಮ್ಮ ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನದು, ಅತಿ ಬೇಗ ಫಲ ಕೊಟ್ಟದ್ದು.

ಈಗ ಗೋಡೆಯ ವಿಷಯ. ಗೋಡೆ ದಡವನ್ನು ಕಾಪಾಡುತ್ತದೆ ಅಂತ ಎಲ್ಲರ ಹಾಗೆ ನಾನೂ ನಂಬಿದ್ದೆ. ಅಲೆ ಬಂದು ನೇರ ಗೋಡೆಗೆ ಹೊಡೆದರೆ ಅದರ ಬಲ ಎಲ್ಲೂ ಕರಗುವುದಿಲ್ಲ, ತಿರುಗಿ ಕೆಳಕ್ಕೆ ಹೋಗಿ ಗೋಡೆಯ ಪಾದವನ್ನೇ ಕೊರೆಯುತ್ತದೆ. ನಮ್ಮ ಗೋಡೆ ಎರಡು ಕಡೆ ಮುಂದಕ್ಕೆ ವಾಲಿದ್ದು ಅದಕ್ಕೇ. ಕೊರೆದ ಮಣ್ಣು ನೀರನ್ನು ಕದಡುತ್ತದೆ, ಕದಡಿದ ನೀರಿಗೆ ಬೆಳಕು ಇಳಿಯುವುದಿಲ್ಲ, ಬೆಳಕಿಲ್ಲದೆ ತಳದ ಗಿಡ ಬದುಕುವುದಿಲ್ಲ, ಗಿಡ ಇಲ್ಲದಿದ್ದರೆ ಮೀನಿನ ಮರಿಗೆ ಅಡಗಲು ಜಾಗ ಇಲ್ಲ, ಕಪ್ಪೆಗೆ ನೀರಿನಿಂದ ಮೇಲೆ ಹತ್ತಲು ದಾರಿ ಇಲ್ಲ, ಆಮೆಗಂತೂ ಆ ಗೋಡೆ ಕೋಟೆಯ ಹಾಗೆ. ಗೋಡೆಯನ್ನು ಮತ್ತೆ ಕಟ್ಟಿಸಲು ಬೇರೆ ಕಡೆ ಕೇಳಿದ್ದ ದುಡ್ಡಿನ ಅರ್ಧದ ಆಸುಪಾಸಿನಲ್ಲಿ ಇವರ ಇಡೀ ಕೆಲಸ ಮುಗಿಯಿತು ಅನ್ನುವುದನ್ನೂ ಹೇಳಬೇಕು.

ಪೂರ್ತಿ ಗೋಡೆ ಒಡೆಯಲಿಲ್ಲ. ಈ ವಿಷಯದಲ್ಲಿ ಅವರು ನೆಟ್ಟಗೆ ಮಾತಾಡಿದರು. ಮನೆಯ ಅಡಿಪಾಯ ನೀರಿಗೆ ಹತ್ತಿರವಿರುವ ಕಡೆ ಗೋಡೆಯನ್ನು ಉಳಿಸಿ, ಅದರ ಮುಂದೆ ದಪ್ಪ ಕಲ್ಲುಗಳನ್ನು ಇಳಿಜಾರಾಗಿ ಜೋಡಿಸಿದರು. ಅಲೆ ಈಗ ಕಲ್ಲಿನ ಸಂದಿಗಳಲ್ಲಿ ಒಡೆದು ಸುಸ್ತಾಗುತ್ತದೆ. ಉಳಿದ ಕಡೆ ಗೋಡೆ ತೆಗೆದು ದಡವನ್ನು ನಿಧಾನವಾಗಿ ನೀರಿಗೆ ಇಳಿಯುವ ಹಾಗೆ ಕೆತ್ತಿದರು. ನೀರಿನ ಮಟ್ಟದಲ್ಲಿ ತೊಡೆ ಗಾತ್ರದ ತೆಂಗಿನ ನಾರಿನ ಉರುಳೆಗಳನ್ನು ಗೂಟ ಹೊಡೆದು ಕೂರಿಸಿದರು. ನಾರು ಮೂರ್ನಾಲ್ಕು ವರ್ಷದಲ್ಲಿ ಕೊಳೆತು ಮಣ್ಣಾಗುತ್ತದೆ, ಅಷ್ಟರಲ್ಲಿ ಗಿಡದ ಬೇರು ಆ ಜಾಗ ಹಿಡಿದಿರಬೇಕು, ಅದು ಲೆಕ್ಕ. ಕೆಲಸ ನಡೆಯುವಾಗ ಕದಡಿದ ಮಣ್ಣು ಕೆರೆಗೆ ಹೋಗದ ಹಾಗೆ ನೀರಿನಲ್ಲಿ ತೇಲುವ ಪರದೆ ಕಟ್ಟಿದ್ದರು. ನೀರಂಚಿನಲ್ಲಿ ಅಗೆಯಲು, ಕಲ್ಲು ಹಾಕಲು ಹೆಚ್ಚಿನ ಕಡೆ ಅನುಮತಿ ಬೇಕೇ ಬೇಕು. ಆ ಕಾಗದಪತ್ರ ಎಲ್ಲ ಅವರೇ ಮಾಡಿಸಿದರು. ಅನುಮತಿ ಏನೂ ಬೇಡ, ನಾಳೆಯೇ ಜೆಸಿಬಿ ತರುತ್ತೇವೆ ಅನ್ನುವವರು ಸಿಕ್ಕರೆ ದಯವಿಟ್ಟು ಅವರಿಗೆ ಕೆಲಸ ಕೊಡಬೇಡಿ.

ಗಿಡ ನೆಟ್ಟ ದಿನ ನಾನೂ ಕೆಸರಿಗೆ ಇಳಿದಿದ್ದೆ. ಪಾದ ಮುಳುಗುವ ಕಡೆ ಜೇಕು, ಮೊಣಕಾಲವರೆಗಿನ ನೀರಿನಲ್ಲಿ ಜೊಂಡು, ಅದರಾಚೆ ಸೊಂಟದ ಆಳದಲ್ಲಿ ನೈದಿಲೆ. ಮೇಲೆ ಒಣ ದಡದಲ್ಲಿ ಎತ್ತರದ ಹುಲ್ಲು, ಪೊದೆ. ಎಲ್ಲವೂ ಆ ಕೆರೆಯ ಸುತ್ತಲಿನವೇ, ಹೊರಗಿನಿಂದ ತಂದ ಚೆಂದದ ಗಿಡ ಒಂದೂ ಬೇಡ ಅಂತ ಅವರು ಪಟ್ಟು ಹಿಡಿದರು. ಅಂತರಗಂಗೆಯ ಕಥೆ ಗೊತ್ತಲ್ವಾ, ಅಮೆಜಾನ್ ಕಡೆಯ ಗಿಡ, ನೇರಳೆ ಹೂವಿನ ಆಸೆಗೆ ಜನ ಊರೂರಿಗೆ ಒಯ್ದರು, ಈಗ ಅರ್ಧ ಪ್ರಪಂಚದ ಕೆರೆಗಳನ್ನು ಅದೇ ಮುಚ್ಚಿದೆ. ನೆಡುವುದಕ್ಕೂ ಒಂದು ರೀತಿ ಇದೆ. ನಾರಿನ ಉರುಳೆಯಲ್ಲಿ ಬೆರಳಿನಿಂದ ಸಂದಿ ಮಾಡಿ, ಜೇಕಿನ ಬುಡವನ್ನು ಬೇರು ಮಡಚದ ಹಾಗೆ ಒಳಗೆ ತಳ್ಳಿ, ಸಂದಿಯನ್ನು ಮತ್ತೆ ಅದೇ ನಾರಿನಿಂದ ಒತ್ತಿ ಮುಚ್ಚಬೇಕು. ಆಮೇಲೆ ಗಿಡವನ್ನು ಮೆಲ್ಲಗೆ ಎಳೆದು ನೋಡಬೇಕು. ಕೈಗೆ ಬಂದರೆ ಅಲೆಗೂ ಹೋಗುತ್ತದೆ, ಮತ್ತೆ ನೆಡಬೇಕು. ನನ್ನ ಮೊದಲ ಹತ್ತು ಗಿಡದಲ್ಲಿ ಆರು ಕೈಗೆ ಬಂದವು.

ಲಾನ್ ಹುಲ್ಲಿನ ಬೇರು ಸಾಮಾನ್ಯವಾಗಿ ಗೇಣುದ್ದ. ಪದೇ ಪದೇ ಕತ್ತರಿಸಿದರೆ ಅಷ್ಟೂ ಇಳಿಯುವುದಿಲ್ಲ. ಈ ಎತ್ತರದ ಹುಲ್ಲು, ಪೊದೆಗಳ ಬೇರು ಆಳಕ್ಕೆ ಹೋಗಿ ದಡವನ್ನು ಹೊಲಿದು ಹಿಡಿಯುತ್ತವೆ, ಮೇಲಿನಿಂದ ಬಂದ ನೀರಿನ ಓಟ ತಗ್ಗಿಸಿ ಮಣ್ಣನ್ನು ಅಲ್ಲೇ ಕೂರಿಸುತ್ತವೆ. ಈ ಪಟ್ಟಿ ಅಗಲ ಇದ್ದಷ್ಟೂ ಒಳ್ಳೆಯದು. ನಮಗೆ ಸಿಕ್ಕಿದ್ದು ಆರು ಮೀಟರ್. ಹತ್ತು ಬೇಕು ಅಂತ ಅವರು ಕೇಳಿದ್ದರು. ಅಮ್ಮ ಕೂರುವ ಜಾಗ ಬಿಡಲು ಒಪ್ಪಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ನೀರಿನವರೆಗೆ ಹೋಗಲು ಒಂದು ಕಾಲುದಾರಿ ಬಿಟ್ಟಿದ್ದಾರೆ, ಅದನ್ನು ನೇರ ಮಾಡದೆ ಸ್ವಲ್ಪ ಬಳಸಿ ಒಯ್ದಿದ್ದಾರೆ, ನೇರ ದಾರಿ ಮಳೆಯಲ್ಲಿ ಕಾಲುವೆಯಾಗಿಬಿಡುತ್ತದೆ ಅಂತ. ಇಂಥ ಸಣ್ಣ ವಿಷಯದಲ್ಲಿ ಅವರ ಅನುಭವ ಕಾಣುತ್ತದೆ.

ಇನ್ನು ದೂರು. ಇದನ್ನು ಬಿಡದೆ ಹೇಳಬೇಕು, ಯಾಕಂದರೆ ಇದರಿಂದ ಒಂದು ಜೀವ ಹೋಗುವುದರಲ್ಲಿತ್ತು. ಬೀಜ ಬಿತ್ತಿದ ಇಳಿಜಾರಿನ ಮೇಲೆ ಮಣ್ಣು ಜಾರದ ಹಾಗೆ ಹಾಸಿದ್ದ ಬಲೆಯಲ್ಲಿ ಪ್ಲಾಸ್ಟಿಕ್ ಎಳೆಗಳಿದ್ದವು. ಎರಡನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಹುಲ್ಲಿನ ನಡುವೆ ಏನೋ ಅಲ್ಲಾಡುತ್ತಿತ್ತು. ಒಂದು ನೀರುಹಾವು. ತಲೆ ಬಲೆಯ ಒಂದು ಕಣ್ಣಿನೊಳಗೆ ತೂರಿ, ಮುಂದಕ್ಕೆ ಹೋಗಲು ಒದ್ದಾಡಿ, ಮೈಯ ದಪ್ಪ ಭಾಗದಲ್ಲಿ ಎಳೆ ಬಿಗಿದು ಹುರುಪೆಯೊಳಗೆ ಕೊರೆದುಬಿಟ್ಟಿತ್ತು. ಹಿಂದಕ್ಕೆ ಬರಲು ಹುರುಪೆ ಬಿಡುವುದಿಲ್ಲ, ಮುಂದಕ್ಕೆ ಹೋಗಲು ಎಳೆ ಬಿಡುವುದಿಲ್ಲ. ಹಾವು ಹಿಡಿಯಲು ತಿಳಿದವರು ಬಂದು ಅದರ ತಲೆಯ ಮೇಲೆ ಒದ್ದೆ ಬಟ್ಟೆ ಹಾಕಿ, ಉಗುರು ಕತ್ತರಿಸುವ ಸಣ್ಣ ಕತ್ತರಿಯಲ್ಲಿ ಒಂದೊಂದೇ ಎಳೆ ಬಿಡಿಸಿದರು. ಹನ್ನೊಂದು ಎಳೆ. ನಾನು ಎಣಿಸಿದ್ದೆ. ಅದು ಬದುಕಿ ನೀರಿಗೆ ಇಳಿಯಿತು. ಜೀವಿಗಳಿಗೆ ಜಾಗ ಮಾಡಿಕೊಡುತ್ತೇವೆ ಅಂತ ಹೇಳಿಕೊಳ್ಳುವ ಕಂಪನಿ ಆ ಬಲೆ ತರಲೇಬಾರದಿತ್ತು. ಪ್ಲಾಸ್ಟಿಕ್ ಬಲೆಗೆ ಹಾವುಗಳು ಸಿಕ್ಕಿಕೊಳ್ಳುವುದು ಈ ಕೆಲಸ ಮಾಡುವವರಿಗೆ ಗೊತ್ತಿರುವ ವಿಷಯವೇ. ಫೋನ್ ಮಾಡಿ ಸಿಟ್ಟಿನಲ್ಲೇ ಮಾತಾಡಿದೆ. ಮರುದಿನವೇ ಬಂದು ಪೂರ್ತಿ ಕಿತ್ತು, ಸಡಿಲ ನೇಯ್ಗೆಯ ಸೆಣಬಿನ ಬಲೆ ಹಾಸಿದರು, ದುಡ್ಡು ಕೇಳಲಿಲ್ಲ. ಆದರೂ ನೀವು ಮೊದಲೇ ಬರಹದಲ್ಲಿ ಬರೆಸಿಕೊಳ್ಳಿ: ಬಲೆಯಲ್ಲಿ ಪ್ಲಾಸ್ಟಿಕ್ ಒಂದು ಎಳೆಯೂ ಇರಬಾರದು.

ಎರಡನೇ ದೂರು ಆರೈಕೆಯದು. ನೆಟ್ಟು ಹೋದ ಮೇಲೆ ಮೊದಲ ಬಿಸಿಲಿನಲ್ಲಿ ಮೇಲಿನ ದಡದ ಗಿಡಗಳಿಗೆ ನೀರು ಹಾಕಬೇಕು ಅಂತ ಯಾರೂ ನಮಗೆ ಬಿಡಿಸಿ ಹೇಳಲಿಲ್ಲ. ಕೆರೆಯ ಪಕ್ಕದ ಗಿಡಕ್ಕೆ ನೀರೇಕೆ ಅಂತ ನಾವು ಸುಮ್ಮನಿದ್ದೆವು. ದಡದ ಮೇಲ್ಭಾಗ ಕೆರೆಯಿಂದ ಎರಡು ಮೀಟರ್ ದೂರವಿದ್ದರೂ ಅಲ್ಲಿನ ಮಣ್ಣು ಬೇರೆ ಜಾಗದ ಹಾಗೇ ಒಣಗುತ್ತದೆ. ನೂರಕ್ಕೆ ಮೂವತ್ತು ಗಿಡ ಹೋದವು. ಅರ್ಧದಷ್ಟನ್ನು ಅವರು ಮತ್ತೆ ಕೊಟ್ಟರು, ಉಳಿದದ್ದು ನಮ್ಮ ಖರ್ಚು. ಕಳೆ ಕೀಳಲು ಮೊದಲ ವರ್ಷ ನಾಲ್ಕು ಸಲ ಬರುತ್ತೇವೆ ಅಂದವರು ಎರಡೇ ಸಲ ಬಂದರು. ಗಿಡದ ಹೆಸರಿನ ಚೀಟಿಗಳು ಮಳೆಗೆ ಅಳಿಸಿಹೋದವು, ಯಾವುದು ಕಳೆ ಯಾವುದು ಬೆಳೆ ಅಂತ ಗೊತ್ತಾಗದೆ ನಾನೇ ಒಂದು ಬೆಳಿಗ್ಗೆ ಒಳ್ಳೆಯ ಗಿಡಗಳನ್ನೇ ಕಿತ್ತು ರಾಶಿ ಹಾಕಿದ್ದೆ. ಒಂದೊಂದು ಗಿಡದ ಎಳೆಯ ಎಲೆಯ ಫೋಟೋ ಇರುವ ಒಂದು ಹಾಳೆ ಕೊಟ್ಟಿದ್ದರೆ ಸಾಕಿತ್ತು.

ಅವರು ಮಾಡಿದ್ದರಲ್ಲಿ ನನಗೆ ಅತಿ ಇಷ್ಟವಾದದ್ದು ಒಂದು ಬಿದ್ದ ಮರ. ಪಕ್ಕದಲ್ಲಿ ಗಾಳಿಗೆ ಉರುಳಿದ್ದ ಮರವನ್ನು ಸೀಳಿ ಸೌದೆ ಮಾಡುವ ಬದಲು ಕೊಂಬೆ ಸಮೇತ ನೀರಿಗೆ ಇಳಿಸಿ, ಬುಡವನ್ನು ದಡಕ್ಕೆ ಕಟ್ಟಿದರು. ನೀರಿನೊಳಗಿನ ಕೊಂಬೆಗಳ ಮೇಲೆ ತಿಂಗಳೊಳಗೆ ಲೋಳೆ ಕಟ್ಟಿತು, ಅದನ್ನು ಮೇಯಲು ಬಸವನಹುಳು ಬಂದವು, ಕೊಂಬೆಗಳ ಸಂದಿಯಲ್ಲಿ ಮೀನಿನ ಮರಿಗಳು. ಮೇಲೆ ಉಳಿದ ಕಾಂಡದ ಮೇಲೆ ಆಮೆಗಳು ಬಿಸಿಲು ಕಾಯುತ್ತವೆ. ತುದಿಯ ಒಂದು ಒಣ ಕೊಂಬೆ ಮಿಂಚುಳ್ಳಿಯದ್ದು. ಅಲ್ಲಿ ಕೂತು ತಲೆ ಬಗ್ಗಿಸಿ ನೋಡುತ್ತದೆ, ಬಾಣದ ಹಾಗೆ ಬೀಳುತ್ತದೆ, ಮೀನನ್ನು ತಂದು ಅದೇ ಕೊಂಬೆಗೆ ಎರಡು ಸಲ ಬಡಿದು ನುಂಗುತ್ತದೆ. ಅಮ್ಮನ ಬೆಳಗಿನ ಹೊತ್ತು ಈಗ ಅದನ್ನು ನೋಡುವುದರಲ್ಲೇ ಕಳೆಯುತ್ತದೆ. ಲಾನ್ ಹೋಯಿತಲ್ಲ ಅಂತ ಬೇಸರಪಟ್ಟವರೇ ಈಗ ಆ ಕೊಂಬೆಗೆ ಯಾರೂ ಬಟ್ಟೆ ಒಣಗಿಸಬೇಡಿ ಅನ್ನುತ್ತಾರೆ. ದಡದ ಕಡೆ ಉರಿಯುತ್ತಿದ್ದ ಬಿಳಿ ದೀಪವನ್ನೂ ತೆಗೆಸಿ, ಕೆಳಮುಖವಾಗಿ ಮಾತ್ರ ಬೆಳಕು ಬೀಳುವ ಹಳದಿ ದೀಪ ಹಾಕಿದ್ದೇವೆ. ರಾತ್ರಿ ಹುಳುಗಳು ದೀಪಕ್ಕೆ ಮುತ್ತಿ ಸಾಯುವುದು ಎಷ್ಟೋ ಕಡಿಮೆಯಾಗಿದೆ.

ನೀರು ನಿಜಕ್ಕೂ ಸುಧಾರಿಸಿದೆಯಾ? ಇದಕ್ಕೆ ಪ್ರಾಮಾಣಿಕ ಉತ್ತರ ಕೊಡಬೇಕು. ಅಳೆಯಲು ನಮ್ಮ ಹತ್ತಿರ ಸೆಕ್ಕಿ ತಟ್ಟೆ ಇದೆ. 20 ಸೆಂಟಿಮೀಟರ್ ಅಗಲದ ಕಪ್ಪು ಬಿಳುಪಿನ ತಟ್ಟೆ, ಹಗ್ಗ ಕಟ್ಟಿ ನೀರಿಗೆ ಇಳಿಸಿ ಎಲ್ಲಿ ಕಣ್ಮರೆಯಾಗುತ್ತದೆ ಅಂತ ನೋಡುವುದು. ಇಟಲಿಯ ಪಾದ್ರಿ, ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ 1865ರಲ್ಲಿ ಸಮುದ್ರದಲ್ಲಿ ಇಂಥದ್ದನ್ನು ಇಳಿಸಿ ನೋಡಿದ್ದರಂತೆ, ಇವತ್ತಿಗೂ ಕೆರೆ ನೋಡುವವರು ಅದನ್ನೇ ಬಳಸುತ್ತಾರೆ. ಕೆಲಸಕ್ಕೆ ಮೊದಲು ನಮ್ಮ ದಡದ ಮುಂದೆ ತಟ್ಟೆ 45 ಸೆಂಟಿಮೀಟರಿಗೆ ಮಾಯವಾಗುತ್ತಿತ್ತು. ಈ ವರ್ಷ ಅದೇ ಜಾಗದಲ್ಲಿ, ಅದೇ ಹವೆಯಲ್ಲಿ 80. ಆದರೆ ಕೆರೆಯ ನಡುವೆ ಹೋಗಿ ಇಳಿಸಿದರೆ ದೊಡ್ಡ ವ್ಯತ್ಯಾಸ ಇಲ್ಲ. ಒಂದು ಮನೆ ಇಡೀ ಕೆರೆಯನ್ನು ತಿಳಿ ಮಾಡಲು ಆಗುವುದಿಲ್ಲ. ಕೆರೆಗೆ ನೀರು ಬರುವುದು ನಮ್ಮ ಅಂಗಳದಿಂದ ಮಾತ್ರ ಅಲ್ಲ, ಹೊಲ, ರಸ್ತೆ, ಚರಂಡಿ ಎಲ್ಲ ಕಡೆಯಿಂದ. ತಳದ ಹೂಳಿನಲ್ಲಿ ಹಳೆಯ ಫಾಸ್ಫರಸ್ ಎಷ್ಟೋ ವರ್ಷದಿಂದ ಕೂತಿದೆ, ತಳದಲ್ಲಿ ಆಮ್ಲಜನಕ ಮುಗಿದಾಗಲೆಲ್ಲ ಅದು ಮತ್ತೆ ನೀರಿಗೆ ಬಿಡುಗಡೆಯಾಗುತ್ತದೆ. ಮೂರು ತಿಂಗಳಲ್ಲಿ ಕನ್ನಡಿಯಂಥ ನೀರು ಅಂತ ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ನಮ್ಮವರು ಹಾಗೆ ಹೇಳಲಿಲ್ಲ, ಅದು ಅವರ ದೊಡ್ಡ ಗುಣ.

ನಮ್ಮ ದಡದ ಮಟ್ಟಿಗೆ ಕಣ್ಣಿಗೆ ಕಾಣುವ ಬದಲಾವಣೆ ಬೇಕಾದಷ್ಟಿದೆ. ಜೋರು ಮಳೆ ಬಂದಾಗ ಗೋಡೆಯ ಕಿಂಡಿಯಿಂದ ಕೆಂಪು ನೀರು ಕೆರೆಗೆ ಬೀಳುವುದು ನಿಂತಿದೆ. ಜೊಂಡಿನ ಬುಡದಲ್ಲಿ ಗೊದಮೊಟ್ಟೆಗಳು ಕಪ್ಪಗೆ ಮುತ್ತಿರುತ್ತವೆ. ಬೆಳಿಗ್ಗೆ ಬೇಗ ಹೋದರೆ ಏರೋಪ್ಲೇನ್ ಚಿಟ್ಟೆ ಹುಟ್ಟುವುದನ್ನು ನೋಡಬಹುದು: ನೀರೊಳಗಿನ ಮರಿ ಜೇಕಿನ ಕಡ್ಡಿ ಹತ್ತಿ, ಬೆನ್ನು ಸೀಳಿ, ಮುದುರಿದ ರೆಕ್ಕೆಯ ಮೆತ್ತನೆಯ ಹುಳು ಹೊರಗೆ ಬರುತ್ತದೆ, ಗಂಟೆ ಎರಡು ಗಂಟೆ ಅಲ್ಲೇ ಒಣಗಿ ಹಾರುತ್ತದೆ, ಖಾಲಿ ಚಿಪ್ಪು ಕಡ್ಡಿಗೆ ಕಚ್ಚಿಕೊಂಡೇ ಇರುತ್ತದೆ. ಒಂದು ಸಲ ಅಂಥ ಚಿಪ್ಪುಗಳನ್ನು ಎಣಿಸುತ್ತಾ ಹೋದೆ, ನಲವತ್ತು ದಾಟಿದ ಮೇಲೆ ಬಿಟ್ಟೆ. ಲಾನ್ ಇದ್ದಾಗ ಹಿಂಡಾಗಿ ಬಂದು ಹೊಲಸು ಮಾಡುತ್ತಿದ್ದ ಬಾತುಗಳು ಈಗ ಮೇಲೆ ಹತ್ತುವುದೇ ಇಲ್ಲ. ಅವಕ್ಕೆ ಸುತ್ತ ಕಾಣುವ ಗಿಡ್ಡ ಹುಲ್ಲೇ ಬೇಕು, ಎತ್ತರದ ಗಿಡದ ಹಿಂದೆ ಏನಿದೆಯೋ ಅನ್ನುವ ಭಯ.

ನೆರೆಯವರು ಕೇಳುವುದು ಎರಡೇ ಪ್ರಶ್ನೆ, ಸೊಳ್ಳೆ ಮತ್ತು ಹಾವು. ಸೊಳ್ಳೆ ಜಾಸ್ತಿಯಾಗಿಲ್ಲ. ಅದಕ್ಕೆ ಬೇಕಾದ್ದು ಮೀನಿಲ್ಲದ, ಕದಲದ ನೀರು. ನಮ್ಮ ಮನೆಯಲ್ಲಿ ಸೊಳ್ಳೆ ಹುಟ್ಟುತ್ತಿದ್ದದ್ದು ಹಿತ್ತಲಿನ ಹಳೆಯ ಟೈರು, ಹೂಕುಂಡದ ತಟ್ಟೆಗಳಲ್ಲಿ ಅಂತ ಹುಡುಕಿದಾಗ ಗೊತ್ತಾಯಿತು. ಏರೋಪ್ಲೇನ್ ಚಿಟ್ಟೆಯ ಮರಿಗಳು ಸೊಳ್ಳೆಯ ಮರಿಗಳನ್ನು ತಿನ್ನುತ್ತವೆ, ದೊಡ್ಡವು ಸೊಳ್ಳೆಗಳನ್ನೇ. ಹಾವು ಇವೆ. ಮೊದಲೂ ಇದ್ದವು. ಕಾಲುದಾರಿಯನ್ನು ಅಗಲವಾಗಿ, ಎರಡೂ ಬದಿ ಗಿಡ್ಡವಾಗಿ ಇಟ್ಟುಕೊಂಡಿದ್ದೇವೆ, ಕತ್ತಲಲ್ಲಿ ಟಾರ್ಚ್ ಇಲ್ಲದೆ ಹೋಗುವುದಿಲ್ಲ. ಪಕ್ಕದ ಮನೆಯವರು ಮೊದಲು ಮೂಗು ಮುರಿದವರು ಈಗ ತಮ್ಮ ಕಡೆ ಮೂರು ಮೀಟರ್ ಹುಲ್ಲು ಕತ್ತರಿಸುವುದನ್ನು ಬಿಟ್ಟಿದ್ದಾರೆ. ಯಾವ ಕಂಪನಿಯನ್ನೂ ಕರೆದಿಲ್ಲ, ದುಡ್ಡೂ ಕೊಟ್ಟಿಲ್ಲ, ಅವರ ದಡದಲ್ಲೂ ಜೇಕು ತಾನಾಗಿ ಎದ್ದಿದೆ.

ಅದಕ್ಕೇ ಹೇಳುವುದು, ನಿಮ್ಮ ದಡದಲ್ಲಿ ಗೋಡೆ ಇಲ್ಲದಿದ್ದರೆ, ಮಣ್ಣು ಕುಸಿಯುತ್ತಿಲ್ಲದಿದ್ದರೆ, ಇಂಥ ಸೇವೆಗೆ ದುಡ್ಡು ಹಾಕುವ ಮೊದಲು ಒಂದು ವರ್ಷ ನೀರಂಚಿನ ಹುಲ್ಲು ಕತ್ತರಿಸುವುದನ್ನು ಬಿಡಿ, ಗೊಬ್ಬರ ನಿಲ್ಲಿಸಿ, ಸೆಪ್ಟಿಕ್ ಟ್ಯಾಂಕ್ ನೋಡಿಸಿ, ಸೂರಿನ ಪೈಪ್ ತಿರುಗಿಸಿ. ಅಷ್ಟಕ್ಕೇ ಅರ್ಧ ಕೆಲಸ ಆಗುತ್ತದೆ. ಗೋಡೆ ತೆಗೆಯಬೇಕು, ಇಳಿಜಾರು ಕಡಿದಾಗಿದೆ, ದೋಣಿಗಳ ಅಲೆ ಬಡಿಯುತ್ತದೆ ಅಂದರೆ ಮಾತ್ರ ತಿಳಿದವರನ್ನೇ ಕರೆಯಿರಿ, ಸ್ವಂತ ಪ್ರಯೋಗ ಬೇಡ. ಬಂದವರು ಮನೆ ನೋಡದೆ ಸೀದಾ ದಡಕ್ಕೆ ಹೋಗಿ ಟೇಪ್ ಹಿಡಿದರೆ ಅನುಮಾನಪಡಿ. ಎರಡು ವರ್ಷದ ಆರೈಕೆ ಎಷ್ಟು ಸಲ, ಯಾವ ತಿಂಗಳು, ಸತ್ತ ಗಿಡಕ್ಕೆ ಯಾರು ಹೊಣೆ ಅಂತ ಬರೆಸಿಕೊಳ್ಳಿ. ಸಾಧ್ಯವಾದರೆ ಅವರು ಮೂರು ನಾಲ್ಕು ವರ್ಷದ ಹಿಂದೆ ಮಾಡಿದ ದಡವನ್ನು ಹೋಗಿ ನೋಡಿ, ಹೊಸದಾಗಿ ಮುಗಿಸಿದ್ದನ್ನು ನೋಡಿದರೆ ಏನೂ ತಿಳಿಯುವುದಿಲ್ಲ.

ಐದರಲ್ಲಿ ನಾಲ್ಕು ಸ್ಟಾರ್. ಆರೈಕೆಗೆ ಅರ್ಧ ಕಡಿತ, ಉಳಿದರ್ಧ ಆ ಹನ್ನೊಂದು ಎಳೆಗೆ. ಮುಂದಿನ ತಿಂಗಳು ಅವರನ್ನೇ ಮತ್ತೆ ಕರೆದಿದ್ದೇನೆ, ನಾರಿನ ಉರುಳೆಗಳು ಕೊಳೆತು ಮೆತ್ತಗಾಗಿವೆ, ಗೂಟಗಳನ್ನು ಕೀಳುವ ಹೊತ್ತು ಬಂದಿದೆ. ಅಮ್ಮ ತಮ್ಮ ಕುರ್ಚಿಯನ್ನು ಎರಡು ಮೀಟರ್ ಹಿಂದಕ್ಕೆ ಹಾಕಿಸಿಕೊಂಡಿದ್ದಾರೆ. ಬಿಟ್ಟ ಜಾಗದಲ್ಲಿ ಕಂಪನಿಯವರು ಏನು ನೆಡುತ್ತಾರೆ ಅಂತ ಅಮ್ಮನೇ ಕೇಳಬೇಕಂತೆ.